ಬಡ್ತಿ ಬಂದ ತಂಡದ ಪಾಡು

ಬಡ್ತಿ ಎಂಬ ಮಾತು ಕೇಳಿ ಮುಖ ಸಿಂಡರಿಸಿದವರನ್ನು ನಾನಂತೂ ಕಂಡಿಲ್ಲ. ಕಚೇರಿಯಲ್ಲಿ ಒಬ್ಬರಿಗೆ ಬಡ್ತಿಯಾಯಿತೆಂದರೆ ಆ ಸಂಜೆ ಎಲ್ಲರಿಗೂ ಕಾಫಿ, ಮೈಸೂರುಪಾಕು. ಆದರೆ ಊರು ಬಿಟ್ಟು ಬಂದು ಪರಸ್ಥಳದಲ್ಲಿ ಸಂಸಾರ ಹೂಡಿರುವ ನಮ್ಮಲ್ಲಿ ಬಹುಮಂದಿಗೆ ಇನ್ನೊಂದು ಸಂಗತಿಯೂ ಗೊತ್ತು. ಬಡ್ತಿಯ ಆಜ್ಞೆಯ ಬೆನ್ನಿಗೇ ವರ್ಗದ ಆಜ್ಞೆಯೂ ಬರುತ್ತದೆ. ಸಂಬಳ ಒಂದು ಪಾಲು ಏರಿದರೆ ಹೊಸ ಊರಿನ ಮನೆಬಾಡಿಗೆ ಎರಡು ಪಾಲು ಏರಿರುತ್ತದೆ.

ಶನಿವಾರ ರಾತ್ರಿ ಟೆಲಿವಿಷನ್ನಿನ ಮುಂದೆ ಕುಳಿತು ಇಂಗ್ಲೆಂಡಿನ ಫುಟ್‌ಬಾಲ್ ನೋಡುವ ನಮ್ಮ ಮನೆಯ ಹುಡುಗರಿಗೆ ಈ ಲೆಕ್ಕ ಹಿಡಿಸದು. ಬಡ ತಂಡವೊಂದು ಮೇಲಿನ ದರ್ಜೆಗೆ ಏರಿತೆಂದರೆ ಅದರ ಕಷ್ಟವೆಲ್ಲ ಅಲ್ಲಿಗೆ ತೀರಿತೆಂದೇ ಅವರ ಎಣಿಕೆ. ನಿಜವಾಗಿ ತೀರುತ್ತದೆಯೆ?

ಅಲ್ಲಿಯ ಏರ್ಪಾಟು ಹೀಗಿದೆ. ಎಲ್ಲಕ್ಕೂ ಮೇಲೆ ಪ್ರೀಮಿಯರ್ ಲೀಗು. ಅದರಲ್ಲಿ 20 ತಂಡಗಳು. ಅದರ ಕೆಳಗೆ ಚಾಂಪಿಯನ್‌ಷಿಪ್, ಲೀಗ್ ಒನ್, ಲೀಗ್ ಟೂ ಎಂಬ ಮೂರು ದರ್ಜೆಗಳು. ಒಂದೊಂದರಲ್ಲಿ 24 ತಂಡಗಳು. ಪ್ರತಿ ವರ್ಷವೂ ಪ್ರೀಮಿಯರ್ ಲೀಗಿನ ಕೊನೆಯ ಮೂರು ತಂಡಗಳು ಕೆಳಗಿಳಿಯುತ್ತವೆ, ಕೆಳಗಿನಿಂದ ಮೂರು ಏರುತ್ತವೆ. ಮಿಕ್ಕ ದರ್ಜೆಗಳಲ್ಲಿಯೂ ಇದೇ ಏರಿಳಿತ. ಮೆಟ್ಟಿಲು ಒಂದೊಂದಾದರೂ ಎತ್ತರ ಒಂದೇ ಅಲ್ಲ. ಮೊದಲನೆಯ ದರ್ಜೆಗೆ ಬರುವ ಟೆಲಿವಿಷನ್ ಹಣದ ಮುಂದೆ ಎರಡನೆಯದಕ್ಕೆ ಬರುವುದು ಕೈಗಡ ಕೊಟ್ಟಂತೆ ಅಷ್ಟೆ. ಆದ್ದರಿಂದಲೇ ಏರುವ ಆಸೆಯೂ ಹೆಚ್ಚು, ಬೀಳುವ ಭಯವೂ ಹೆಚ್ಚು.

ಮೊದಲು ಮ್ಯಾಂಚೆಸ್ಟರಿನ ಬಳಿಯ ಬೆರಿ ಎಂಬ ಊರಿನ ಕ್ಲಬ್ಬನ್ನು ನೋಡೋಣ. ಅದು 1885ರಲ್ಲಿ ಹುಟ್ಟಿದ್ದು. 1900ರಲ್ಲಿ ಮತ್ತು 1903ರಲ್ಲಿ ಎಫ್.ಎ. ಕಪ್ ಗೆದ್ದ ಮನೆತನ. 2018ರ ಡಿಸೆಂಬರಿನಲ್ಲಿ ಅದು ಒಂದೇ ಒಂದು ಪೌಂಡಿಗೆ ಕೈ ಬದಲಾಯಿಸಿತು. ಆಸ್ತಿಗಿಂತ ಸಾಲ ಹೆಚ್ಚಾದ ಮನೆಗೆ ಇನ್ನೇನು ಬೆಲೆ ಬಂದೀತು? ಆದರೂ 2019ರ ಏಪ್ರಿಲ್ ಕೊನೆಯ ಹೊತ್ತಿಗೆ ತಂಡ ಲೀಗ್ ಟೂನಿಂದ ಬಡ್ತಿ ಪಡೆಯಿತು. ಆಟಗಾರರಿಗೆ ಸಂಬಳ ಬಾಕಿ ಇತ್ತು. ಬೀದಿಯಲ್ಲಿ ಮಾತ್ರ ಸಂಭ್ರಮ. ಸಾಲ ತೀರಿಸಲು ಹಣವೆಲ್ಲಿದೆ, ತೋರಿಸಿ ಎಂದು ಲೀಗಿನವರು ಕೇಳಿದರು. ಆಗಸ್ಟಿನ ಪಂದ್ಯಗಳು ಒಂದರ ಮೇಲೊಂದು ನಿಂತವು. ಆಗಸ್ಟ್ 27ರಂದು ಕ್ಲಬ್ಬನ್ನು ಲೀಗಿನಿಂದಲೇ ಹೊರಹಾಕಿದರು. ಗೆದ್ದು ಏರಿದ ದರ್ಜೆಯಲ್ಲಿ ಒಂದು ಲೀಗ್ ಪಂದ್ಯವನ್ನಾದರೂ ಆಡುವ ಭಾಗ್ಯ ಅದಕ್ಕಿರಲಿಲ್ಲ.

ಬೆರಿಯನ್ನು ಕೆಡಿಸಿದ್ದು ಬಡ್ತಿಯಲ್ಲ, ಅದಕ್ಕೂ ಹಿಂದಿನ ಸಾಲ ಎಂದು ಯಾರಾದರೂ ಹೇಳಬಹುದು. ಒಪ್ಪತಕ್ಕ ಮಾತು. ಆದರೆ ಆದಾಯಕ್ಕೆ ಮೀರಿದ ಸಂಬಳದಿಂದ ಕಟ್ಟಿದ ತಂಡವೇ ಆ ಬಡ್ತಿಯನ್ನು ತಂದದ್ದು. ಒಳಗೆ ಜ್ವರವಿದ್ದವನ ಕೆನ್ನೆಯ ಕೆಂಪನ್ನು ಕಂಡು ಆರೋಗ್ಯವೆಂದು ಹಿಗ್ಗಿದಂತಾಯಿತು.

ಇನ್ನು ಬ್ರಾಡ್‌ಫರ್ಡ್ ಸಿಟಿಯ ಕಥೆ. ಯಾರ್ಕ್‌ಷೈರಿನ ಆ ಉಣ್ಣೆಗಿರಣಿಗಳ ಊರಿನ ತಂಡ 77 ವರ್ಷಗಳ ಮೇಲೆ, 1999ರಲ್ಲಿ, ಮೊದಲನೆಯ ದರ್ಜೆಗೆ ಏರಿತು. ಮೊದಲ ವರ್ಷ 36 ಅಂಕಗಳೊಂದಿಗೆ 17ನೆಯ ಸ್ಥಾನದಲ್ಲಿ ನಿಂತು ಕೂದಲೆಳೆಯಲ್ಲಿ ಉಳಿಯಿತು. ಕೊನೆಯ ದಿನ ಲಿವರ್‌ಪೂಲಿನಂಥ ತಂಡವನ್ನು ಡೇವಿಡ್ ವೆದರಾಲನ ಒಂದೇ ಗೋಲಿನಿಂದ ಸೋಲಿಸಿದ ಸುದಿನವನ್ನು ಆ ಊರಿನವರು ಮರೆಯುವಂತಿಲ್ಲ.

ಕೆಟ್ಟದ್ದು ಆ ಸುದಿನದ ಮರುದಿನದಿಂದ. ಮತ್ತೆ ಬೀಳಬಾರದೆಂಬ ಭಯಕ್ಕೆ ಕ್ಲಬ್ಬು 2000ದ ಬೇಸಗೆಯಲ್ಲಿ ದೊಡ್ಡ ಹೆಸರಿನ ಆಟಗಾರರನ್ನು ಕರೆತಂದಿತು. ಇಟಲಿಯ ಬೆನಿಟೊ ಕಾರ್ಬೋನೆಗೆ ವಾರಕ್ಕೆ ಸುಮಾರು 40,000 ಪೌಂಡು ಸಂಬಳವೆಂದು ಆಗಿನ ಸುದ್ದಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ, ಮುಂದಿನ ವರ್ಷವೂ ಮೇಲೆಯೇ ಇರುತ್ತೇವೆಂಬ ನಂಬಿಕೆಯ ಮೇಲೆ ಬರೆದ ಕರಾರುಗಳು ಅವು. ಆ ಆರು ವಾರಗಳ ಖರ್ಚು ಬರೀ ಹುಚ್ಚೆಂದು ಅಧ್ಯಕ್ಷ ಜೆಫ್ರಿ ರಿಚ್ಮಂಡರೇ ಮುಂದೆ ಒಪ್ಪಿಕೊಂಡರು. 2001ರಲ್ಲಿ ತಂಡ 26 ಅಂಕಗಳೊಂದಿಗೆ ಎಲ್ಲರಿಗಿಂತ ಕೆಳಗೆ ನಿಂತು ಇಳಿಯಿತು. ತಂಡ ಇಳಿದರೂ ಕರಾರಿನ ಸಂಬಳ ಇಳಿಯಲಿಲ್ಲ. 2002ರಲ್ಲಿ ಕೆಳದರ್ಜೆಯ ಪಂದ್ಯಗಳನ್ನು ತೋರಿಸುತ್ತಿದ್ದ ಐಟಿವಿ ಡಿಜಿಟಲ್ ಕಂಪನಿಯೂ ಮುಳುಗಿತು. ಆ ವರ್ಷವೇ ಕ್ಲಬ್ಬು ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಯ ಕೈಸೇರಿತು. 2004ರಲ್ಲಿ ಎರಡನೆಯ ಬಾರಿ ಅದೇ ಗತಿ. 2007ರ ಹೊತ್ತಿಗೆ ತಂಡ ನಾಲ್ಕನೆಯ ದರ್ಜೆಯಲ್ಲಿತ್ತು. ಲಿವರ್‌ಪೂಲನ್ನು ಗೆದ್ದು ಏಳೇ ವರ್ಷ!

ಹಾಗಾದರೆ ಖರ್ಚು ಮಾಡದಿದ್ದರೆ ಸರಿಹೋಗುತ್ತಿತ್ತೆ? ಅದೂ ಹೇಳಲಾಗದು. ನಾರ್ಥಾಂಪ್ಟನ್ ತಂಡ ಕೌಂಟಿ ಕ್ರಿಕೆಟ್ಟಿನೊಂದಿಗೆ ಹಂಚಿಕೊಂಡ, ಮೂರೇ ಬದಿ ಪ್ರೇಕ್ಷಕರಿರುವ ಮೈದಾನದಲ್ಲಿ ಆಡುತ್ತಿತ್ತು. 1961, 1963, 1965ರಲ್ಲಿ ಮೂರು ಬಾರಿ ಏರಿ ಮೊದಲನೆಯ ದರ್ಜೆಗೆ ಬಂತು. 1966, 1967, 1969ರಲ್ಲಿ ಮೂರು ಬಾರಿ ಇಳಿದು ಹೊರಟಲ್ಲಿಗೇ ಸೇರಿತು.

ನಮ್ಮ ಕಾಲದ ಲೂಟನ್ ತಂಡ ಇನ್ನೂ ಎಚ್ಚರದಿಂದ ನಡೆದುಕೊಂಡಿತು. ಹಣದ ಅವ್ಯವಸ್ಥೆಯ ದೆಸೆಯಿಂದ 2008ರಲ್ಲಿ ಅದಕ್ಕೆ 30 ಅಂಕಗಳ ದಂಡ ಬಿದ್ದು, 2009ರಲ್ಲಿ ಲೀಗಿನಿಂದಲೇ ಹೊರಬಿದ್ದಿತ್ತು. ಒಮ್ಮೆ ಕೈ ಸುಟ್ಟುಕೊಂಡವರ ಜಾಗರೂಕತೆ ಅದಕ್ಕೆ ಬಂತು. 2014ರಲ್ಲಿ ಲೀಗಿಗೆ ಮರಳಿ, 2023ರ ಮೇ 27ರಂದು ಕೊವೆಂಟ್ರಿಯನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಪ್ರೀಮಿಯರ್ ಲೀಗು ಸೇರಿತು. ಅದರ ಮೈದಾನಕ್ಕೆ ಒಂದು ಕಡೆಯಿಂದ ಸಾಲುಮನೆಗಳ ಕೆಳಗೆ ತೂರಿ ಹಿತ್ತಲುಗಳ ಮೇಲೆ ಹಾದುಹೋಗಬೇಕು! ದುರಸ್ತಿ ಮುಗಿಯದೆ ಮೊದಲ ತವರು ಪಂದ್ಯವನ್ನೇ ಮುಂದಕ್ಕೆ ಹಾಕಬೇಕಾಯಿತು. ಸಂಬಳದ ಪಟ್ಟಿಯನ್ನು ಕಂಡಾಪಟ್ಟೆ ಉಬ್ಬಿಸದೆ ಆಡಿದ ತಂಡ 2024ರಲ್ಲಿ 26 ಅಂಕಗಳೊಂದಿಗೆ ಇಳಿಯಿತು. 2025ರಲ್ಲಿ ಇನ್ನೊಂದು ಮೆಟ್ಟಿಲೂ ಜಾರಿತು. ಬೆಂಬಲಿಗರಿಗೆ ಇದು ಸಣ್ಣ ನೋವಲ್ಲ. ಆದರೂ ಕ್ಲಬ್ಬು ಹರಾಜಿಗೆ ಬರಲಿಲ್ಲ. ಹೊಸ ಮೈದಾನದ ನಕ್ಷೆಗೆ 2024ರ ಡಿಸೆಂಬರಿನಲ್ಲಿ ನಗರಸಭೆಯ ಒಪ್ಪಿಗೆಯೂ ದೊರೆಯಿತು.

ಬ್ರಾಡ್‌ಫರ್ಡ್ ಮತ್ತು ಲೂಟನ್ ಎರಡೂ ಬಿದ್ದವು. ಒಂದು ಸಾಲದ ಹೊರೆ ಹೊತ್ತು ಬಿತ್ತು. ಇನ್ನೊಂದು ಬರಿಗೈಯಲ್ಲಿ ಬಿತ್ತು. ಏಳುವಾಗ ಈ ವ್ಯತ್ಯಾಸ ತಿಳಿಯುತ್ತದೆ. ಕಷ್ಟದಲ್ಲಿರುವ ತಂಡಕ್ಕೆ ಬಡ್ತಿ ಔಷಧವೆಂದು ತಿಳಿಯುವುದೇ ತಪ್ಪು. ಮನೆಯ ಲೆಕ್ಕ ನೇರವಾಗಿದ್ದವರಿಗೆ ಅದು ವರ. ಲೆಕ್ಕ ತಪ್ಪಿದವರಿಗೆ ಇನ್ನೂ ದೊಡ್ಡ ಅಂಗಡಿಯಲ್ಲಿ ಸಾಲದ ಖಾತೆ ತೆರೆದಂತೆ.

ಹಾಗೆಂದು ಏರುವುದೇ ಬೇಡವೆನ್ನಲು ಬಾರದು. ಏರುವ ಆಸೆಯಿಲ್ಲದೆ ಆಡುವ ತಂಡವನ್ನು ನೋಡಲು ಮಳೆಯಲ್ಲಿ ನೆನೆದುಕೊಂಡು ಯಾರು ಬಂದಾರು? ಅಪ್ಪ ಮಗನ ಕೈಹಿಡಿದು ಮೈದಾನಕ್ಕೆ ಕರೆತರುವುದು ಆ ಆಸೆಗಾಗಿಯೇ. ಆದರೆ ತಂಡ ಮುಳುಗಿದ ದಿನ ದೊಡ್ಡ ಸಂಬಳದ ಆಟಗಾರ ಬೇರೆ ಊರಿಗೆ ಹೋಗುತ್ತಾನೆ, ಯಜಮಾನ ಬೇರೆ ವ್ಯಾಪಾರ ಹಿಡಿಯುತ್ತಾನೆ. ಉಳಿಯುವವರು ಆ ಅಪ್ಪ, ಮಗ ಇಬ್ಬರೇ. ಬೆರಿಯ ಬೆಂಬಲಿಗರು ತಾವೇ ಇನ್ನೊಂದು ಕ್ಲಬ್ಬು ಕಟ್ಟಿ, ಬಹಳ ಕೆಳಗಿನ ದರ್ಜೆಯಿಂದ ಆರಂಭಿಸಿ, 2023ರಲ್ಲಿ ತಮ್ಮ ಹಳೆಯ ಗಿಗ್ ಲೇನ್ ಮೈದಾನಕ್ಕೆ ಮರಳಿದರು.

ಮುಂದಿನ ಮೇ ತಿಂಗಳಲ್ಲಿ ಮತ್ತೆ ಮೂರು ತಂಡಗಳು ಏರುತ್ತವೆ. ಆಗ ನಿಮ್ಮ ಮನೆಯ ಹುಡುಗರನ್ನು ಹತ್ತಿರ ಕೂರಿಸಿಕೊಂಡು ಕೇಳಿ: ಈ ತಂಡದ ಸಂಬಳದ ಬಾಕಿ ಎಷ್ಟಿದೆ? ಮುಂದಿನ ವರ್ಷ ಇಳಿದರೆ ಆಟಗಾರರ ಸಂಬಳವೂ ಇಳಿಯುವಂತೆ ಕರಾರಿದೆಯೆ? ಬಂದ ಹಣ ಮೈದಾನಕ್ಕೊ, ಒಬ್ಬ ಆಟಗಾರನ ಜೇಬಿಗೊ? ಗೋಲುಗಳ ಲೆಕ್ಕ ಅವರಿಗೆ ಬಾಯಿಪಾಠವಾಗಿರುತ್ತದೆ. ಈ ಲೆಕ್ಕವನ್ನೂ ಕಲಿಯಲಿ.