ಎರಡನೇ ವರ್ಷದ ಬೆಲೆ

ಇಟಲಿಯ ದೊಡ್ಡ ಫುಟ್‌ಬಾಲ್ ಕ್ಲಬ್ಬುಗಳ ಯುವ ತಂಡದಲ್ಲಿ ಬೆಳೆದ ಹುಡುಗ ನೇರವಾಗಿ ಹಿರಿಯರ ತಂಡದಲ್ಲಿ ನೆಲೆಯೂರುವುದು ಅಪರೂಪ. ಅವನನ್ನು ಸಣ್ಣ ಕ್ಲಬ್ಬೊಂದಕ್ಕೆ ಎರವಲು ಕಳಿಸುವುದು ಅಲ್ಲಿ ಬೇರೂರಿದ ಪದ್ಧತಿ. ಸಾಮಾನ್ಯವಾಗಿ ಅದು ಒಂದು ಸೀಸನ್ನಿನ ಮಾತು. ಮುಂದಿನ ಬೇಸಿಗೆಗೆ ಹುಡುಗ ಹಿಂದಿರುಗುತ್ತಾನೆ, ಮತ್ತೆ ಬೇರೊಂದು ಊರಿಗೆ ಹೊರಡುತ್ತಾನೆ. 2018 ಮತ್ತು 2022ರ ವಿಶ್ವಕಪ್‌ಗಳಿಗೆ ಇಟಲಿ ಅರ್ಹತೆಯನ್ನೇ ಪಡೆಯದಿದ್ದಾಗ ಆ ದೇಶದಲ್ಲಿ ಸ್ಟ್ರೈಕರ್‌ಗಳೇ ಹುಟ್ಟುತ್ತಿಲ್ಲ ಎಂಬ ಕೂಗು ಎದ್ದಿತ್ತು. ನನ್ನ ಪ್ರಕಾರ ಕೊರತೆ ಹುಟ್ಟಿನದಲ್ಲ. ಎರವಲು ಹೋದ ಹುಡುಗನನ್ನು ಒಂದೇ ಕಡೆ ನಿಲ್ಲಗೊಡದಿರುವುದೇ ಅದಕ್ಕೆ ದೊಡ್ಡ ಕಾರಣ. ಇಂಟರ್ ಮಿಲಾನ್‌ನ ಫ್ರಾಂಚೆಸ್ಕೊ ಪಿಯೊ ಎಸ್ಪೊಸಿಟೊನ ಬೆಳವಣಿಗೆಯನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ.

ಪಿಯೊ ಹುಟ್ಟಿದ್ದು 2005ರ ಜೂನ್ 28ರಂದು, ನೇಪಲ್ಸ್ ಕೊಲ್ಲಿಯ ದಡದಲ್ಲಿರುವ ಕಾಸ್ತೆಲ್ಲಮ್ಮಾರೆ ದಿ ಸ್ತಾಬಿಯಾದಲ್ಲಿ. ಹಡಗು ಕಟ್ಟುವ ಈ ಊರು ಗೋಲ್‌ಕೀಪರ್ ಡೊನ್ನರುಮ್ಮನ ತವರೂ ಹೌದು. ಪಿಯೊನ ಅಣ್ಣಂದಿರಾದ ಸಾಲ್ವತೋರೆ, ಸೆಬಾಸ್ಟಿಯಾನೊ ಇಬ್ಬರೂ ವೃತ್ತಿಪರ ಆಟಗಾರರು. 2023ರಲ್ಲಿ ಇಂಟರ್ ಅವನನ್ನು ಎರಡನೇ ದರ್ಜೆಯ ಲೀಗಾದ ಸೀರಿ ಬಿಯ ಸ್ಪೆಜಿಯಾ ಕ್ಲಬ್ಬಿಗೆ ಎರವಲು ಕೊಟ್ಟಿತು. ಆಗ ಅವನಿಗೆ ಹದಿನೆಂಟು. ಸ್ಪೆಜಿಯಾ ಆ ವರ್ಷ ಮೂರನೇ ದರ್ಜೆಗೆ ಬೀಳುವ ಭಯದಲ್ಲೇ ಆಡುತ್ತಿತ್ತು, ಪಿಯೊ ಲೀಗಿನಲ್ಲಿ ಹೊಡೆದದ್ದು ಮೂರೇ ಗೋಲು. ಅಂಕಿಯನ್ನಷ್ಟೇ ನೋಡಿ ತೀರ್ಮಾನಿಸುವವರಿಗೆ ಇದು ಸೋಲು. ಇಂಟರ್ ಮಾತ್ರ ಅವನನ್ನು ಮತ್ತೊಂದು ಊರಿಗೆ ಸಾಗಹಾಕದೆ ಅದೇ ಕ್ಲಬ್ಬಿಗೆ, ಅದೇ ಕೋಚ್ ಲೂಕಾ ದಾಂಜೆಲೊ ಬಳಿಗೆ ಮರಳಿ ಕಳಿಸಿತು. ಎರಡನೇ ಸೀಸನ್ನಿನಲ್ಲಿ ಹದಿನೇಳು ಗೋಲು ಬಂದವು, ಸ್ಪೆಜಿಯಾ ಮೂರನೇ ಸ್ಥಾನಕ್ಕೇರಿತು. ಪ್ಲೇಆಫ್ ಫೈನಲ್‌ನಲ್ಲಿ ಕ್ರೆಮೊನೆಸೆ ಎದುರು ಸೋತದ್ದರಿಂದ ಸೀರಿ ಎ ಬಾಗಿಲು ತೆರೆಯಲಿಲ್ಲ. ಆದರೆ ಆ ಹೊತ್ತಿಗೆ ಹುಡುಗ ಪಕ್ವವಾಗಿದ್ದ. ಬೆನ್ನಿಗೆ ಅಂಟಿದ ಡಿಫೆಂಡರ್‌ನನ್ನು ತಡೆದು ಚೆಂಡನ್ನು ಕಾಯುವುದು, ಜೊತೆಗಾರ ಓಡಿಬರುವ ಕ್ಷಣಕ್ಕೆ ಸರಿಯಾಗಿ ಅದನ್ನು ಬಿಟ್ಟುಕೊಡುವುದು, ಇವು ಅಭ್ಯಾಸದ ಅಂಗಳದಲ್ಲಿ ಪೂರ್ತಿ ಕಲಿಯುವ ವಿದ್ಯೆಗಳಲ್ಲ. ತನ್ನ ಹಿಂದೆ ಯಾರು ಎಂಥ ಪಾಸ್ ಕೊಡುತ್ತಾರೆಂದು ತಿಳಿಯಲು ಅದೇ ಜನರ ನಡುವೆ ವಾರವಾರವೂ ಆಡಬೇಕು.

ಇದಕ್ಕೆ ತದ್ವಿರುದ್ಧದ ಚಿತ್ರ ಅದೇ ಮನೆಯಲ್ಲಿದೆ. ಅಣ್ಣ ಸೆಬಾಸ್ಟಿಯಾನೊ 2019ರ ಮಾರ್ಚಿನಲ್ಲಿ, ಹದಿನಾರರ ವಯಸ್ಸಿಗೇ ಯುರೋಪಾ ಲೀಗ್‌ನಲ್ಲಿ ಇಂಟರ್ ಪರ ಕಣಕ್ಕಿಳಿದ. ಅದೇ ಡಿಸೆಂಬರಿನಲ್ಲಿ ಜಿನೋವಾ ವಿರುದ್ಧ ತಂಡದ ಹಿರಿಯ ಸ್ಟ್ರೈಕರ್ ಲುಕಾಕು ತನ್ನ ಪೆನಾಲ್ಟಿಯನ್ನು ಈ ಹುಡುಗನಿಗೆ ಬಿಟ್ಟುಕೊಟ್ಟ, ಅವನು ಗೋಲು ಹೊಡೆದ. ಪ್ರತಿಭೆಯ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಆಮೇಲಿನ ಐದು ಸೀಸನ್‌ಗಳಲ್ಲಿ ಅವನು ಎರವಲು ಆಡಿದ್ದು ಸ್ಪಾಲ್, ವೆನೆಜಿಯಾ, ಬಾಸೆಲ್, ಆಂಡರ್ಲೆಕ್ಟ್, ಬಾರಿ, ಸ್ಯಾಂಪ್ಡೋರಿಯಾ, ಎಂಪೋಲಿ: ಏಳು ಕ್ಲಬ್, ಮೂರು ದೇಶ. ಎರಡು ಸಲ ಸೀಸನ್ನಿನ ಮಧ್ಯದಲ್ಲೇ ಗಂಟುಮೂಟೆ ಕಟ್ಟಬೇಕಾಯಿತು.

ಒಂದು ಮನೆಯ ಕತೆಯಿಂದ ಪದ್ಧತಿಯನ್ನು ಅಳೆಯಬಹುದೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಅಣ್ಣತಮ್ಮಂದಿರ ಮೈಕಟ್ಟು ಬೇರೆ, ಆಟದ ಶೈಲಿ ಬೇರೆ. ಸ್ಪೆಜಿಯಾದ ಮಿಡ್‌ಫೀಲ್ಡ್‌ನಲ್ಲಿ ದೊಡ್ಡಣ್ಣ ಸಾಲ್ವತೋರೆ ಇದ್ದದ್ದು ಪಿಯೊನಿಗೆ ಸಿಕ್ಕ ಆಸರೆ, ಅದು ಎಲ್ಲರಿಗೂ ಸಿಗುವಂಥದ್ದಲ್ಲ. ಆದರೆ ಆ ಆಸರೆಯೂ ನನ್ನ ಮಾತನ್ನೇ ಹೇಳುತ್ತದೆ: ಹುಡುಗ ಬೆಳೆದದ್ದು ತನ್ನನ್ನು ಬಲ್ಲವರ ನಡುವೆ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ನಾಳೆ ಹಿಂದಿರುಗಿ ಹೋಗುವವನಿಗಾಗಿ ಸಣ್ಣ ಕ್ಲಬ್ಬು ಯಾಕೆ ಶ್ರಮಪಡಬೇಕು? ಹಿಂದೆ ಇದಕ್ಕೆ ಸಹ-ಒಡೆತನ ಎಂಬ ಉತ್ತರವಿತ್ತು, ಒಬ್ಬ ಆಟಗಾರನ ಹಕ್ಕನ್ನು ಎರಡು ಕ್ಲಬ್ಬುಗಳು ಹಂಚಿಕೊಳ್ಳುತ್ತಿದ್ದವು. ಯುವೆಂಟಸ್‌ನ ಪಾವೊಲೊ ರೊಸ್ಸಿಯನ್ನು ಹಾಗೆ ಹಂಚಿಕೊಂಡ ವಿಚೆಂಜಾ, ಬದಿಯಲ್ಲಿ ಆಡುತ್ತಿದ್ದವನನ್ನು ಸೆಂಟರ್ ಫಾರ್ವರ್ಡ್ ಮಾಡಿತು. ಅವನು 1976–77ರಲ್ಲಿ ಸೀರಿ ಬಿಯಲ್ಲಿ 21, ಮರುವರ್ಷ ಸೀರಿ ಎಯಲ್ಲಿ 24 ಗೋಲು ಹೊಡೆದ. 1982ರ ವಿಶ್ವಕಪ್‌ನಲ್ಲಿ ಆರು ಗೋಲು ಬಾರಿಸಿ ಇಟಲಿಯನ್ನು ಗೆಲ್ಲಿಸಿದವನೂ ಅವನೇ. ಸಹ-ಒಡೆತನವನ್ನು 2014ರಲ್ಲಿ ರದ್ದು ಮಾಡಲಾಯಿತು. ಅದರ ಲೆಕ್ಕಪತ್ರದ ಗೊಂದಲಗಳು ನಿಜ, ಆದರೆ ಸಣ್ಣ ಕ್ಲಬ್ಬಿಗೆ ಹುಡುಗನ ಭವಿಷ್ಯದಲ್ಲಿದ್ದ ಪಾಲೂ ಅದರೊಂದಿಗೇ ಹೋಯಿತು. 2018ರಿಂದ ದೊಡ್ಡ ಕ್ಲಬ್ಬುಗಳು ತಮ್ಮದೇ ಎರಡನೇ ತಂಡವನ್ನು ಸೀರಿ ಸಿಯಲ್ಲಿ ಇಳಿಸಬಹುದಾಗಿದೆ. ಅದು ಒಳ್ಳೆಯ ಮೆಟ್ಟಿಲು, ಆದರೆ ಮೂರನೇ ದರ್ಜೆಯದು. ಇಪ್ಪತ್ತು ತಂಡ, ಮೂವತ್ತೆಂಟು ಪಂದ್ಯಗಳ ಸೀರಿ ಬಿ ಕೊಡುವ ಕಸುವು ಅಲ್ಲಿಲ್ಲ.

2025ರ ಬೇಸಿಗೆಯಲ್ಲಿ ಪಿಯೊ ಇಂಟರ್‌ಗೆ ಮರಳಿದಾಗ ಕೋಚ್ ಆಗಿದ್ದವರು ಕ್ಲಬ್ಬಿನ ಯುವ ತಂಡದಲ್ಲಿ ಅವನನ್ನು ಪಳಗಿಸಿದ್ದ ಕ್ರಿಸ್ಟಿಯನ್ ಕಿವು. ಕ್ಲಬ್ ವಿಶ್ವಕಪ್‌ನಲ್ಲಿ ಪಿಯೊ ರಿವರ್ ಪ್ಲೇಟ್ ವಿರುದ್ಧ ಗೋಲು ಹೊಡೆದ. ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ತಂಡದ ಅಂಗಿ ತೊಟ್ಟ, ಅಕ್ಟೋಬರಿನಲ್ಲಿ ಎಸ್ಟೋನಿಯಾ ಎದುರು ಇಟಲಿ ಪರ ಮೊದಲ ಗೋಲು ಹೊಡೆದ. ಮುಂದೆ ಅವನು ಎಷ್ಟು ಎತ್ತರಕ್ಕೆ ಏರುತ್ತಾನೆಂದು ಈಗಲೇ ಹೇಳುವುದು ಆತುರವಾದೀತು. ಆದರೆ ಇಟಲಿಯ ಕ್ಲಬ್ಬುಗಳು ಇನ್ನುಮುಂದೆ ಹದಿನೆಂಟರ ಸ್ಟ್ರೈಕರ್‌ಗಳನ್ನು ಎರವಲು ಕಳಿಸುವಾಗ ಕರಾರನ್ನು ಎರಡು ಸೀಸನ್‌ಗೆ ಬರೆಯಲಿ, ಬೆಳೆಸಿದ ಸಣ್ಣ ಕ್ಲಬ್ಬಿಗೂ ಅದರಲ್ಲಿ ಒಂದು ಪಾಲು ಇಡಲಿ.