ಹಳೆಯ ಕಾರಿನ ನಾಡಿಪರೀಕ್ಷೆ

ಶಿರಾಡಿ ಘಟ್ಟವನ್ನು ಏದುಸಿರು ಬಿಡುತ್ತ ಹತ್ತಿದ ಹಳೆಯ ಅಂಬಾಸಿಡರ್ ಕಾರೊಂದು ಸಕಲೇಶಪುರದ ಹೋಟೆಲಿನ ಮುಂದೆ ನಿಂತಿತೆನ್ನಿ. ಮಕ್ಕಳು ಆಗಲೇ ಇಳಿದಿದ್ದಾರೆ. ಎಂಜಿನ್ನು ಮಾತ್ರ ಇನ್ನೂ ನಿಂತಿಲ್ಲ, ಮೆಲುದನಿಯಲ್ಲಿ ಓಡುತ್ತಿದೆ. ಅಷ್ಟರಲ್ಲಿ ಚಾಲಕನ ಎದುರಿನ ಫಲಕದಲ್ಲಿ ಪುಟ್ಟ ಕೆಂಪು ದೀಪವೊಂದು ಮಿನುಗತೊಡಗುತ್ತದೆ. ಆಕ್ಸಿಲರೇಟರನ್ನು ತುಸು ಒತ್ತಿದರೆ ದೀಪ ಮಾಯ. ಕಾಲು ತೆಗೆದರೆ ಮತ್ತೆ ಪ್ರತ್ಯಕ್ಷ. ಮನೆಯ ಯಜಮಾನರ ಎದೆ ಧಸಕ್ಕೆನ್ನುತ್ತದೆ. ತಂದೆಯವರ ಕಾಲದಿಂದ ಬಂದ ಕಾರು; ಲಕ್ಷ ಮೈಲಿ ಓಡಿದೆ. ಅದರ ಆಯುಸ್ಸು ಮುಗಿಯಿತೇ?

ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಈ ಕಾರಿನ ತಯಾರಿಕೆ 2014ರಲ್ಲಿಯೇ ನಿಂತುಹೋಯಿತು. ಉಳಿದಿರುವ ಕಾರುಗಳೆಲ್ಲ ವಯಸ್ಸಾದವು. ಎಣ್ಣೆಯ ಒತ್ತಡ ತಗ್ಗುವುದು ಅವುಗಳಲ್ಲಿ ಸಾಮಾನ್ಯವಾದ ವ್ಯಾಧಿ. ಇದಕ್ಕೆ ಮದ್ದು ಮಾಡುವಾಗ ಜನ ಎರಡು ಬಗೆಯಲ್ಲಿ ತಪ್ಪುತ್ತಾರೆ. "ಮುದಿ ಗಾಡಿ, ಇದೆಲ್ಲ ಇದ್ದದ್ದೇ" ಎಂದು ಓಡಿಸುತ್ತ ಹೋಗಿ ಎಂಜಿನ್ನನ್ನು ಕೈಯಾರೆ ಕೊಲ್ಲುವುದು ಒಂದು. ಗಾಬರಿಯಿಂದ, ನೆಟ್ಟಗಿದ್ದ ಎಂಜಿನ್ನನ್ನೇ ಬಿಚ್ಚಿಸಿ ಸಾವಿರಾರು ರೂಪಾಯಿ ತೆರುವುದು ಇನ್ನೊಂದು. ಒತ್ತಡವೆಂದರೇನೆಂದು ಅರಿತವರು ಎರಡರಿಂದಲೂ ಪಾರಾಗಬಹುದು.

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವಂತೆಯೇ ಎಂಜಿನ್ನಿನ ತಿರುಗುವ ದಂಡಕ್ಕೂ ಎಣ್ಣೆ ಬೇಕು. ಎಂಜಿನ್ನಿನ ತಳದ ಸಂಪಿನಲ್ಲಿರುವ ಎಣ್ಣೆಯನ್ನು ಒಂದು ಪಂಪು ಹೀರಿ, ಬೇರಿಂಗುಗಳ ಸಂದುಗಳಿಗೆ ದೂಡುತ್ತದೆ. ಎರಡು ಅಂಗುಲ ದಪ್ಪದ ದಂಡಕ್ಕೆ ಈ ಸಂದು ಅಂಗುಲದ ಸಾವಿರದಲ್ಲಿ ಸುಮಾರು ಎರಡು ಪಾಲು, ಅಂದರೆ ತಲೆಗೂದಲಿಗಿಂತಲೂ ತೆಳುವು. ಇಂಥ ಇಕ್ಕಟ್ಟಿನಲ್ಲಿ ಹರಿಯಬೇಕಾದ ಎಣ್ಣೆಗೆ ಎದುರಾಗುವ ತಡೆಯೇ ಒತ್ತಡವಾಗಿ ಕಾಣಿಸುತ್ತದೆ. ದಂಡ ಸವೆದು ಸಂದು ಇಮ್ಮಡಿಯಾದರೆ ಅದರ ಮೂಲಕ ಸೋರುವ ಎಣ್ಣೆ ಇಮ್ಮಡಿಯಲ್ಲ, ಎಂಟು ಮಡಿಯಾಗುತ್ತದೆ. ಎಂಜಿನ್ನು ನಿಧಾನವಾಗಿ ತಿರುಗುವಾಗ ಪಂಪು ಒದಗಿಸುವ ಎಣ್ಣೆ ಈ ಸೋರಿಕೆಗೇ ಸಾಲದು. ಘಟ್ಟ ಹತ್ತಿ ಕಾದ ಎಣ್ಣೆಯಂತೂ ನೀರಿನಂತೆ ತೆಳುವಾಗಿರುತ್ತದೆ. ಆದುದರಿಂದಲೇ ದೀಪ ಬೆಳಗಿನ ತಂಪಿನಲ್ಲಿ ಕಾಣದೆ, ಘಟ್ಟದ ತಲೆಯಲ್ಲಿ ಕಾಣಿಸಿಕೊಳ್ಳುವುದು.

ಇಲ್ಲಿ ಒಂದು ಹಳೆಯ ಪ್ರಯೋಗವನ್ನು ನೆನೆಯಬೇಕು. ಇಂಗ್ಲೆಂಡಿನ ಬೋಷಾಂ ಟವರ್ ಎಂಬ ಎಂಜಿನಿಯರರು ರೈಲುಗಾಡಿಯ ಅಚ್ಚಿನ ಬೇರಿಂಗನ್ನು ಪರೀಕ್ಷಿಸುತ್ತ ಅದರ ನೆತ್ತಿಯಲ್ಲಿ ಒಂದು ರಂಧ್ರ ಕೊರೆದರು. ಅಚ್ಚು ತಿರುಗಿದಾಗ ಎಣ್ಣೆ ಆ ರಂಧ್ರದಿಂದ ಮೇಲಕ್ಕೆ ಉಕ್ಕಿತು. ಮರದ ಬೆಣೆ ಬಡಿದರೆ ಬೆಣೆಯನ್ನೇ ಹೊರದೂಡಿತು! ತಿರುಗುವ ದಂಡ ತನ್ನ ಅಡಿಗೆ ತಾನೇ ಎಣ್ಣೆಯನ್ನು ಎಳೆದುಕೊಂಡು, ಆ ತೆಳುಪೊರೆಯ ಮೇಲೆ ತೇಲುತ್ತದೆಂದು 1883ರಲ್ಲಿ ಹೀಗೆ ತಿಳಿದುಬಂದಿತು. ಅದರ ಗಣಿತವನ್ನು ಆಸ್ಬೋರ್ನ್ ರೆನಾಲ್ಡ್ಸರು 1886ರಲ್ಲಿ ವಿವರಿಸಿದರು. ಎಂದ ಮೇಲೆ, ದಂಡದ ಭಾರವನ್ನು ಹೊರುವುದು ಪಂಪಿನ ಒತ್ತಡವಲ್ಲ, ಎಣ್ಣೆಯ ಪೊರೆ. ಆ ಪೊರೆಗೆ ಎಣ್ಣೆ ತಪ್ಪದೆ ಒದಗುತ್ತಿದೆಯೇ ಎಂಬುದಕ್ಕೆ ಒತ್ತಡ ಸಾಕ್ಷಿ ಮಾತ್ರ. ಸಾಕ್ಷಿಯ ಮಾತನ್ನು ವಿಚಾರಿಸದೆ ತೀರ್ಪು ಕೊಡುವುದು ಸಲ್ಲದು.

ವಿಚಾರಣೆ ಅಗ್ಗದ್ದರಿಂದ ದುಬಾರಿಯತ್ತ ನಡೆಯಬೇಕು. ಮೊದಲು ಕಾರನ್ನು ಸಮನಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ನನ್ನು ಆರಿಸಿ, ಕೆಲವು ನಿಮಿಷ ಬಿಟ್ಟು ಅಳತೆಯ ಕಡ್ಡಿಯನ್ನು ಎಳೆದು ನೋಡಬೇಕು. ತಿರುವಿನಲ್ಲಿ ದೀಪ ಮಿನುಗುವ ಕಾರಿನಲ್ಲಿ ಎಣ್ಣೆಯೇ ಕಡಿಮೆಯಿದ್ದು, ಪಂಪು ಗಾಳಿಯನ್ನು ಹೀರುತ್ತಿರುವುದುಂಟು. ಇದಕ್ಕೆ ವಿರುದ್ಧವಾಗಿ, ಯಾರೂ ಸುರಿಯದೆ ಎಣ್ಣೆಯ ಮಟ್ಟ ಏರಿದ್ದರೆ ಸಂತೋಷಪಡುವಂತಿಲ್ಲ. ಕಡ್ಡಿಯನ್ನು ಮೂಸಿದಾಗ ಪೆಟ್ರೋಲಿನ ವಾಸನೆ ಬಂದರೆ, ಪೆಟ್ರೋಲ್ ಪಂಪಿನ ಪೊರೆ ಹರಿದು ಎಣ್ಣೆಗೆ ಪೆಟ್ರೋಲು ಬೆರೆತಿರಬಹುದು. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದು ತಿಳಿಯತಕ್ಕದ್ದು. ಇಂದಿನ ಕಾರುಗಳಿಗೆಂದು ಮಾಡಿದ ತೆಳು ಎಣ್ಣೆಯನ್ನು ಹಳೆಯ ಎಂಜಿನ್ನಿಗೆ ಸುರಿದರೂ ಇದೇ ಫಲ.

ಎಣ್ಣೆ ಸರಿಯಾಗಿದ್ದರೆ ಎರಡನೆಯ ಸಂಶಯ ದೀಪದ ಸ್ವಿಚ್ಚಿನ ಮೇಲೆ. ಎಷ್ಟೋ ಸಲ ಸುಳ್ಳು ಹೇಳುವುದು ಅದೇ. ಅದನ್ನು ಬಿಚ್ಚಿ, ಅದೇ ರಂಧ್ರಕ್ಕೆ ಮುಳ್ಳಿನ ಗೇಜೊಂದನ್ನು ಜೋಡಿಸಿ, ಎಂಜಿನ್ನನ್ನು ಚೆನ್ನಾಗಿ ಕಾಯಿಸಿ ಅಳೆಯಬೇಕು. ತಣ್ಣಗಿನ ಎಂಜಿನ್ನಿನಲ್ಲಿ ಅಳೆದ ಒತ್ತಡ ನಂಬತಕ್ಕದ್ದಲ್ಲ. ಸಾಮಾನ್ಯವಾಗಿ ಚದರ ಅಂಗುಲಕ್ಕೆ 5ರಿಂದ 7 ಪೌಂಡಿಗಿಂತ ಒತ್ತಡ ಇಳಿದಾಗ ದೀಪ ಹತ್ತುತ್ತದೆ. ಓಡುವಾಗ ನಿಮಿಷದ ಪ್ರತಿ 1000 ಸುತ್ತಿಗೆ 10 ಪೌಂಡಿನಂತೆ ಒತ್ತಡವಿರಬೇಕೆಂಬುದು ಮೆಕ್ಯಾನಿಕ್ಕುಗಳ ಹಳೆಯ ಲೆಕ್ಕ. ಗೇಜು ಇಷ್ಟನ್ನು ತೋರಿಸಿದರೆ ಹೊಸ ಸ್ವಿಚ್ಚೊಂದರಿಂದ ಕೆಲಸ ಮುಗಿಯಿತು.

ಗೇಜೂ ಕಡಿಮೆ ತೋರಿಸಿತೆನ್ನಿ. ಆಗಲೂ ಎಂಜಿನ್ನನ್ನು ಇಳಿಸಲು ಅವಸರ ಬೇಡ. ಹೆಚ್ಚಾದ ಎಣ್ಣೆಯನ್ನು ಸಂಪಿಗೆ ಮರಳಿಸುವ ಕವಾಟವೊಂದುಂಟು. ಅದರ ಸ್ಪ್ರಿಂಗು ಸೋತರೆ, ಇಲ್ಲವೆ ಬಾಯಲ್ಲಿ ಕಸ ಸಿಕ್ಕಿದರೆ, ಎಣ್ಣೆ ಬೇರಿಂಗನ್ನು ತಲುಪದೆ ಹಿಂದಿರುಗುತ್ತದೆ. ಅಂಬಾಸಿಡರಿನ 1489 ಸಿ.ಸಿ. ಎಂಜಿನ್ನಿನಲ್ಲಿ ಈ ಕವಾಟವನ್ನು ಹೊರಗಿನಿಂದಲೇ ಬಿಚ್ಚಿ ನೋಡಬಹುದು. ಆಮೇಲೆ ಸಂಪನ್ನು ಇಳಿಸಿ, ವರ್ಷಗಟ್ಟಲೆ ಕೂಡಿದ ಜಿಡ್ಡು ಪಂಪಿನ ಜಾಲರಿಯನ್ನು ಮುಚ್ಚಿದೆಯೇ, ಪಂಪು ಸವೆದಿದೆಯೇ ಎಂದು ನೋಡತಕ್ಕದ್ದು.

ಸಂಪು ಇಳಿದಾಗ ಬೇರಿಂಗಿನ ಚಿಪ್ಪುಗಳೂ ಕಣ್ಣಿಗೆ ಬೀಳುತ್ತವೆ. ಬೂದುಬಣ್ಣದ ಮೇಲ್ಪದರ ಸವೆದು ತಾಮ್ರದ ಬಣ್ಣ ಇಣುಕುತ್ತಿದ್ದರೆ ವ್ಯಾಧಿಯ ಮೂಲ ಸಿಕ್ಕಿದಂತೆಯೇ. ಇದು ಖರ್ಚಿನ ಮಾತು ನಿಜ, ಆದರೆ ಮರಣಶಾಸನವಲ್ಲ. ಸಕಾಲದಲ್ಲಿ ಕಂಡರೆ ದಂಡವನ್ನು ಅಂಗುಲದ ಸಾವಿರದಲ್ಲಿ 10 ಅಥವಾ 20 ಪಾಲು ಸಾಣೆ ಹಿಡಿಸಿ, ಅದಕ್ಕೆ ಒಪ್ಪುವ ಹೊಸ ಚಿಪ್ಪುಗಳನ್ನು ಹಾಕಿಸಬಹುದು. ತಡವಾದರೆ ಪೊರೆ ಹರಿದು ಲೋಹಕ್ಕೆ ಲೋಹ ತಾಗಿ, ಎಂಜಿನ್ನು ಕಚ್ಚಿ ನಿಲ್ಲುತ್ತದೆ. ಆಗ ಸಾಣೆಗೂ ಏನೂ ಉಳಿದಿರುವುದಿಲ್ಲ.

ಎಣ್ಣೆಯನ್ನು ಗಟ್ಟಿಮಾಡುವ ದ್ರಾವಣ ಸುರಿದರೆ ದೀಪ ಆರುವುದೇನೋ ದಿಟ. ಅದು ಜ್ವರದ ಕಾರಣ ಹುಡುಕದೆ ಮೈಗೆ ತಣ್ಣೀರ ಬಟ್ಟೆ ಹೊದಿಸಿದಂತೆ. ಹಳೆಯ ಕಾರನ್ನು ಮಾರುವವರಲ್ಲಿ ಕೆಲವರು ಈ ಉಪಾಯವನ್ನು ಬಲ್ಲರು. ಕೊಳ್ಳುವವರು ಕಾರನ್ನು ಅರ್ಧ ಗಂಟೆ ಓಡಿಸಿ, ಕಾದ ಎಂಜಿನ್ನಿನಲ್ಲಿ ದೀಪವನ್ನು ನೋಡುವುದು ಲೇಸು. ಗೇಜು ಹಾಕಿಸಿ ನೋಡಿದರಂತೂ ಇನ್ನೂ ಲೇಸು.

ಇಷ್ಟಾದರೂ ಒಂದು ನಿಯಮಕ್ಕೆ ವಿನಾಯಿತಿಯಿಲ್ಲ. ನಿಂತಾಗ ಮಿನುಗುವ ದೀಪ ವಿಚಾರಣೆಗೆ ಕರೆ. ಓಡುವಾಗ ಹತ್ತಿ ಉಳಿಯುವ ದೀಪ, ಅದರ ಜೊತೆಗೆ ಕೆಳಗಿನಿಂದ ಏಳುವ ಡಬಡಬ ಸದ್ದು, ಆ ಕ್ಷಣವೇ ಎಂಜಿನ್ನನ್ನು ಆರಿಸಬೇಕೆಂಬ ಆಜ್ಞೆ. "ಇನ್ನೆರಡು ಮೈಲಿ, ಊರು ಬಂದೇ ಬಿಟ್ಟಿತು" ಎಂಬ ಆಸೆಯೇ ಎಷ್ಟೋ ಎಂಜಿನ್ನುಗಳನ್ನು ಬಲಿ ತೆಗೆದುಕೊಂಡಿದೆ.

ಸಕಲೇಶಪುರದಲ್ಲಿ ನಿಂತ ಯಜಮಾನರು ಎಂಜಿನ್ನನ್ನು ಆರಿಸಿ, ನಿಶ್ಚಿಂತೆಯಿಂದ ಕಾಫಿ ಕುಡಿಯಲಿ. ಅಷ್ಟರಲ್ಲಿ ಎಣ್ಣೆ ಸಂಪಿಗೆ ಇಳಿದಿರುತ್ತದೆ. ಆಮೇಲೆ ಅಳತೆಯ ಕಡ್ಡಿಯನ್ನು ಎಳೆದು ನೋಡಲಿ. ತಂದೆಯವರ ಕಾರಿನ ಆಯುಸ್ಸಿನ ಲೆಕ್ಕ ಅಲ್ಲಿಂದ ಆರಂಭವಾಗಬೇಕೇ ಹೊರತು ಗುಜರಿಯವನ ತಕ್ಕಡಿಯಿಂದಲ್ಲ.