ಕಡೂರು ಸೀಮೆಯಲ್ಲಿ ಆದಿಮಾನವನ ಮೂಳೆ ಏಕೆ ಸಿಗುವುದಿಲ್ಲ?

ಕಡೂರಿನ ಬಯಲಲ್ಲಿ ಎಷ್ಟೋ ಬಾವಿ ತೋಡಿದ್ದಾರೆ, ತರೀಕೆರೆಯ ಸುತ್ತ ಕಾಲುವೆ ಅಗೆದಿದ್ದಾರೆ, ಭದ್ರಾ ಮೇಲ್ದಂಡೆ ಯೋಜನೆಗಾಗಿ ಅಜ್ಜಂಪುರದ ಬಳಿ ಸುರಂಗವನ್ನೇ ಕೊರೆದಿದ್ದಾರೆ. ಮನುಷ್ಯನ ಪೂರ್ವಜರ ಒಂದು ಮೂಳೆಯೂ ಸಿಕ್ಕ ಸುದ್ದಿಯಿಲ್ಲ. ಹಾಗಾದರೆ ಪಾಠದಲ್ಲಿ ಓದುವ ಮಾನವ ವಿಕಾಸಕ್ಕೆ ಸಾಕ್ಷಿ ಎಲ್ಲಿದೆ ಎಂದು ಈ ಊರುಗಳ ಮಕ್ಕಳು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಉತ್ತರ ಅವರ ಕಾಲಕೆಳಗಿನ ಕಲ್ಲಿನಿಂದಲೇ ಶುರುವಾಗುತ್ತದೆ.

ಬಾಬಾಬುಡನ್ ಬೆಟ್ಟಸಾಲಿನ ಶಿಲೆಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಆಗ ಭೂಮಿಯ ಮೇಲೆ ಸೂಕ್ಷ್ಮಜೀವಿಗಳಲ್ಲದೆ ಬೇರೆ ಜೀವಿಗಳಿರಲಿಲ್ಲ. ಮನುಷ್ಯನ ಕವಲು ಚಿಂಪಾಂಜಿಯ ಕವಲಿನಿಂದ ಬೇರೆಯಾಗಿ ಸುಮಾರು 60–70 ಲಕ್ಷ ವರ್ಷ ಆಗಿದೆ, ಅಷ್ಟೆ. ಹಾಗಾಗಿ ಈ ಬಂಡೆಗಳ ಒಳಗೆ ನಮ್ಮ ಪೂರ್ವಜರನ್ನು ಹುಡುಕುವುದರಲ್ಲಿ ಅರ್ಥವಿಲ್ಲ. ಬಂಡೆಯ ಮೇಲಿನ ಮಣ್ಣಿನಲ್ಲಿ ಹುಡುಕಬಹುದು, ಆದರೆ ಅಲ್ಲಿ ಇನ್ನೊಂದು ತೊಡಕಿದೆ. ಸತ್ತ ಪ್ರಾಣಿಯ ಮೂಳೆ ಪಳೆಯುಳಿಕೆಯಾಗಬೇಕಾದರೆ ನರಿ, ಹದ್ದು, ಗೆದ್ದಲುಗಳ ಪಾಲಾಗುವ ಮೊದಲೇ ಕೆಸರೋ ಮರಳೋ ಬೂದಿಯೋ ಅದನ್ನು ಮುಚ್ಚಬೇಕು. ಆಮೇಲೆ ಅಂತರ್ಜಲದ ಖನಿಜಗಳು ಮೂಳೆಯ ರಂಧ್ರಗಳಿಗೆ ನಿಧಾನವಾಗಿ ಇಳಿದು ಅದನ್ನು ಕಲ್ಲಾಗಿಸಬೇಕು. ಮಲೆನಾಡಿನ ಅಂಚಿನಲ್ಲಿ ಮಳೆ ಹೆಚ್ಚು, ಮಣ್ಣಿನಲ್ಲಿ ಹುಳಿ ಹೆಚ್ಚು. ಕಲ್ಲಾಗುವ ಮೊದಲೇ ಮೂಳೆಯ ಸುಣ್ಣ ಕರಗಿಹೋಗುತ್ತದೆ.

ಪೂರ್ವ ಆಫ್ರಿಕದಲ್ಲಿ ಇದೆಲ್ಲವೂ ಕೂಡಿಬಂದಿತ್ತು. ಅಲ್ಲಿ ನೆಲ ಸೀಳಿ ಕುಸಿದು ಕಣಿವೆಯಾಯಿತು, ಕಣಿವೆಯಲ್ಲಿ ಕೆರೆಗಳಾದವು, ಕೆರೆಯ ಕೆಸರು ಮೂಳೆಗಳನ್ನು ಮುಚ್ಚಿತು, ನಡುನಡುವೆ ಜ್ವಾಲಾಮುಖಿಗಳು ಬೂದಿ ಸುರಿದವು. ಈ ಬೂದಿಯೇ ದೊಡ್ಡ ಉಪಕಾರ ಮಾಡಿದ್ದು. ಅದರಲ್ಲಿರುವ ಒಂದು ಬಗೆಯ ಪೊಟ್ಯಾಸಿಯಂ ಗೊತ್ತಾದ ವೇಗದಲ್ಲಿ ಆರ್ಗಾನ್ ಅನಿಲವಾಗಿ ಬದಲಾಗುತ್ತದೆ. ಎಷ್ಟು ಆರ್ಗಾನ್ ಕೂಡಿದೆ ಎಂದು ಅಳೆದರೆ ಬೂದಿ ಬಿದ್ದ ಕಾಲ ತಿಳಿಯುತ್ತದೆ. ಮೇಲೊಂದು, ಕೆಳಗೊಂದು ಬೂದಿಪದರ ಸಿಕ್ಕರೆ ನಡುವಿನ ಮೂಳೆಯ ವಯಸ್ಸು ಆ ಎರಡರ ಮಧ್ಯೆ ಬೀಳುತ್ತದೆ.

ವಯಸ್ಸು ಸಿಕ್ಕಿತು. ಆದರೆ ಅದು ನಮ್ಮ ಕವಲಿನದೇ ಎಂದು ಹೇಳುವುದು ಹೇಗೆ? ಇಥಿಯೋಪಿಯಾದ ಹಡಾರ್‌ನಲ್ಲಿ 1974ರಲ್ಲಿ ಸಿಕ್ಕ 'ಲೂಸಿ'ಯನ್ನೇ ನೋಡೋಣ. ವಯಸ್ಸು ಸುಮಾರು 32 ಲಕ್ಷ ವರ್ಷ, ಎತ್ತರ ಒಂದು ಮೀಟರಿಗಿಂತ ತುಸು ಹೆಚ್ಚು, ಅಸ್ಥಿಪಂಜರದ ಶೇ. 40ರಷ್ಟು ಉಳಿದಿತ್ತು. ಆಕೆಯ ಸೊಂಟದ ಮೂಳೆ ಅಗಲ, ಗಿಡ್ಡ. ತೊಡೆಮೂಳೆ ಮಂಡಿಯ ಕಡೆಗೆ ಒಳಕ್ಕೆ ವಾಲಿದೆ. ಎರಡು ಕಾಲ ಮೇಲೆ ನಡೆಯುವಾಗ ದೇಹದ ಭಾರ ಪಾದದ ಮೇಲೆ ನೇರ ಬೀಳುವುದು ಈ ವಾಲುವಿಕೆಯಿಂದ, ಚಿಂಪಾಂಜಿಗೆ ಅದಿಲ್ಲ. ಮಿದುಳು ಮಾತ್ರ ಹೆಚ್ಚುಕಡಿಮೆ ಚಿಂಪಾಂಜಿಯಷ್ಟೇ. ಮಿದುಳು ದೊಡ್ಡದಾದ ಮೇಲೆ ಮನುಷ್ಯ ಎದ್ದು ನಿಂತ ಎಂಬ ಹಳೆಯ ಊಹೆ ಇಲ್ಲಿ ನಿಲ್ಲಲಿಲ್ಲ. ನಡಿಗೆ ಮೊದಲು, ಮಿದುಳು ಆಮೇಲೆ. ಟಾಂಜಾನಿಯಾದ ಲೇಟೊಲಿಯಲ್ಲಿ ಮೇರಿ ಲೀಕಿ ತಂಡಕ್ಕೆ 1978ರಲ್ಲಿ ಸಿಕ್ಕ ಹೆಜ್ಜೆಗುರುತುಗಳು ಇದನ್ನು ಗಟ್ಟಿಮಾಡಿದವು: 36 ಲಕ್ಷ ವರ್ಷಕ್ಕೂ ಹಿಂದೆ, ಒದ್ದೆ ಬೂದಿಯ ಮೇಲೆ ಎರಡೇ ಕಾಲಲ್ಲಿ ನಡೆದುಹೋದವರ ಪಾದಗಳು. ನನಗೆ ಇದಕ್ಕಿಂತ ಮನಮುಟ್ಟುವ ಸಾಕ್ಷಿ ಬೇರೆ ಕಾಣುವುದಿಲ್ಲ.

ನಮ್ಮ ತೋಟಕ್ಕೆ ನುಗ್ಗುವ ಕೋತಿ, ಮುಸುವಗಳಿಂದ ನಾವು ಹುಟ್ಟಲಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಅವು ನಮಗೆ ದಾಯಾದಿಗಳು. ಬಹಳ ಹಿಂದಿನ ಮೂಲಪುರುಷ ಒಬ್ಬನೇ, ಕವಲುಗಳು ಬೇರೆ.

ಸಾಕ್ಷಿ ತಪ್ಪಾಗಿ ಓದಿದ್ದೂ ಉಂಟು. ಹಿಮಾಚಲದ ಹರಿತಲ್ಯಾಂಗರ್ ಬಳಿ 1932ರಲ್ಲಿ ಸಿಕ್ಕ ದವಡೆಯ ತುಣುಕಿಗೆ 'ರಾಮಾಪಿಥೆಕಸ್' ಎಂದು ಹೆಸರಿಟ್ಟು, ಅದೇ ಮನುಷ್ಯನ ಮೊದಲ ಪೂರ್ವಜ ಎಂದು ದಶಕಗಳ ಕಾಲ ಪುಸ್ತಕಗಳಲ್ಲಿ ಬರೆದರು. ಅದರ ಬಳಗಕ್ಕೆ ಸೇರಿದ 'ಶಿವಾಪಿಥೆಕಸ್'ನ ಮುಖದ ಮೂಳೆಗಳು ಪಾಕಿಸ್ತಾನದಲ್ಲಿ ಸಿಕ್ಕಾಗ, 1980ರ ದಶಕದ ಆರಂಭದಲ್ಲಿ, ಅದು ಒರಾಂಗುಟಾನ್ ಕಡೆಯ ಜೀವಿ ಎಂದು ತಿಳಿಯಿತು. ಹಳೆಯ ತೀರ್ಮಾನವನ್ನು ತಿದ್ದಿದ್ದು ಇನ್ನಷ್ಟು ಮೂಳೆಗಳೇ. ವಿಜ್ಞಾನದ ಮೇಲೆ ನಂಬಿಕೆ ಹುಟ್ಟುವುದು ಇಂಥ ಕಡೆಯೇ.

ಭಾರತದಲ್ಲಿ ಪ್ರಾಚೀನ ಮಾನವನ ತಲೆಬುರುಡೆ ಸಿಕ್ಕಿರುವುದು ಒಂದೇ. ಮಧ್ಯಪ್ರದೇಶದ ಹಥ್ನೋರಾದಲ್ಲಿ, ನರ್ಮದೆಯ ಜಲ್ಲಿಪದರದಲ್ಲಿ, 1982ರಲ್ಲಿ ಭೂವಿಜ್ಞಾನಿ ಅರುಣ್ ಸೋನಕಿಯಾ ಅದನ್ನು ಕಂಡರು. ಉಳಿದ ಕಡೆ ನಮಗೆ ಆಧಾರ ಕಲ್ಲಿನ ಉಪಕರಣಗಳು, ಮತ್ತು ಅದರಲ್ಲಿ ಕರ್ನಾಟಕ ಸಿರಿವಂತ. ಯಾದಗಿರಿ ಜಿಲ್ಲೆಯ ಹುಣಸಗಿ ಬಳಿಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಕೈಗೊಡಲಿ ತಯಾರಿಸುತ್ತಿದ್ದ ಜಾಗವನ್ನೇ ಅಗೆದು ತೆಗೆಯಿತು. ಅದು ಸುಣ್ಣಕಲ್ಲಿನ ಸೀಮೆ; ಪ್ರಾಣಿಗಳ ಹಲ್ಲು ಅಲ್ಲಿ ಕರಗದೆ ಉಳಿದಿದ್ದವು. ಆ ಹಲ್ಲಿನ ಕವಚವನ್ನು ಪರೀಕ್ಷಿಸಿದಾಗ ಬಂದ ವಯಸ್ಸು ಸುಮಾರು 12 ಲಕ್ಷ ವರ್ಷ. ಹಾಗೆ ನೋಡಿದರೆ, ಇಂದಿನ ಮನುಷ್ಯನ ಅತಿ ಹಳೆಯ ಪಳೆಯುಳಿಕೆಗಳಿಗೆ, ಮೊರಾಕ್ಕೊದ ಜೆಬೆಲ್ ಇರ್ಹೂದ್‌ನವಕ್ಕೆ, ಬರೀ 3 ಲಕ್ಷ ವರ್ಷ. ಇಸಾಂಪುರದಲ್ಲಿ ಕಲ್ಲು ಒಡೆದವರು ನಮಗಿಂತ ಹಿಂದಿನ ಮಾನವಜಾತಿಯವರು.

ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ ಹೋಗುವ ದಾರಿಯಲ್ಲಿರುವ ಲಿಂಗದಹಳ್ಳಿಯೂ ಹಳೆ ಶಿಲಾಯುಗದ ನೆಲೆ. ಈ ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರಿದ್ದ ಕಾಲದಿಂದ ಅದು ಪ್ರಾಗಿತಿಹಾಸದ ವಿದ್ವಾಂಸರಿಗೆ ಗೊತ್ತು. ಇದೇ ಜಿಲ್ಲೆಯ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿ 'ಮಿಸ್ಸಿಂಗ್ ಲಿಂಕ್' ಎಂಬ ಪುಸ್ತಕವನ್ನು ಮಾನವ ವಿಕಾಸದ ಈ ಹುಡುಕಾಟದ ಮೇಲೆಯೇ ಬರೆದಿದ್ದಾರೆ. ಪಾಠದ ಜೊತೆ ಆ ಪುಸ್ತಕವನ್ನೂ ಮಕ್ಕಳ ಕೈಗೆ ಕೊಡಬೇಕು.

ಕೈಗೊಡಲಿಯನ್ನು ಗುರುತಿಸುವುದು ಅಂಥ ಕಷ್ಟವಲ್ಲ. ಅಂಗೈ ತುಂಬುವಷ್ಟು ಗಾತ್ರ, ಒಂದು ತುದಿ ಚೂಪು, ಎರಡೂ ಮಗ್ಗುಲಲ್ಲಿ ಚಕ್ಕೆ ಎಬ್ಬಿಸಿದ ಕುಳಿಗಳು ಸಾಲಾಗಿ ಇರುತ್ತವೆ. ನೀರಿನಲ್ಲಿ ಉರುಳಿದ ಕಲ್ಲು ನುಣುಪಾಗುತ್ತದೆಯೇ ಹೊರತು ಹೀಗೆ ಎರಡೂ ಕಡೆ ಒಪ್ಪವಾಗಿ ಚಕ್ಕೆ ಏಳುವುದಿಲ್ಲ.

ಕೆರೆಯ ಹೂಳೆತ್ತುವಾಗ, ಹಳ್ಳದ ದಡ ಕುಸಿದಾಗ, ಹೊಲ ಸಮ ಮಾಡಿಸುವಾಗ ಇಂಥ ಕಲ್ಲಾಗಲಿ, ಕಲ್ಲಿನಂತೆ ಭಾರವಾದ ಮೂಳೆಯಾಗಲಿ ಕಂಡರೆ ದಯವಿಟ್ಟು ಕಿತ್ತು ಮನೆಗೆ ಒಯ್ಯಬೇಡಿ. ಅದು ಯಾವ ಪದರದಲ್ಲಿತ್ತು ಎಂಬುದು ಕಳೆದುಹೋದರೆ ಅದರ ಕಾಲವನ್ನು ಹೇಳುವುದು ಬಹಳ ಕಷ್ಟ. ಇದ್ದಲ್ಲೇ ಬಿಟ್ಟು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ನೆಲಮಟ್ಟದಿಂದ ಎಷ್ಟು ಆಳ ಎಂದು ಬರೆದುಕೊಂಡು, ರಾಜ್ಯ ಪುರಾತತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ತಿಳಿಸಿ.